ನಮ್ಮ ಕಡೆ ಕೈ ತೋರಿಸುವವರು



ಬೆಳಿಗ್ಗೆ ಬೆಳಗಾವಿಯ ಬಸ್ಸಿಳಿದು ಈ ಜಾಂಬೋಟಿಯ ಸರ್ಕಲ್ಲಿನಲ್ಲಿ ಚಹಾ ಕುಡಿಯುತ್ತ ಸ್ವಲ್ಪ ಹೊತ್ತು ನಿಂತಿದ್ದೆ. ಒಂದು ರಸ್ತೆ ನಾನು ಬಂದ ಬೆಳಗಾವಿಯದು. ಇನ್ನೊಂದು ಖಾನಾಪುರದಿಂದ ಬರುತ್ತದೆ. ಮೂರನೆಯದು ಕಣಕುಂಬಿ ದಾಟಿ ಚೋರ್ಲಾ ಘಾಟಿಯಲ್ಲಿ ಇಳಿದು ಗೋವಾ ಸೇರುತ್ತದೆ. ಆ ಹತ್ತು ನಿಮಿಷದಲ್ಲಿ ಗೋವಾದ ನಂಬರಿನ ನಾಲ್ಕಾರು ಗಾಡಿ ನಿಂತವು, ಚಹಾ ಕುಡಿದವು, ಹೋದವು. ಸುತ್ತಲಿನ ಕಾಡಿನಲ್ಲಿ ಜಾಂಬೋಟಿಯಷ್ಟೇ ಚೆಲುವಾದ ಹಳ್ಳಿಗಳು ಬೇಕಾದಷ್ಟಿವೆ. ಆದರೆ ದೂರದವರಿಗೆ ಗೊತ್ತಿರುವ ಹೆಸರು ಜಾಂಬೋಟಿಯದು, ಏಕೆಂದರೆ ಬೇರೆ ಊರುಗಳ ದಾರಿ ಇಲ್ಲಿಗೆ ಬಂದು ಕೂಡುತ್ತದೆ. ಅಂಗಡಿಯವರು ಬೋರ್ಡು ಎಷ್ಟು ದೊಡ್ಡದು ಬರೆಸಿದರು ಎಂಬುದಕ್ಕಿಂತ ದಾರಿ ಎಷ್ಟು ಕಡೆಯಿಂದ ಬರುತ್ತದೆ ಎಂಬುದರ ಮೇಲೆ ಈ ಸರ್ಕಲ್ಲಿನ ವ್ಯಾಪಾರ ನಿಂತಿದೆ.

ಜಾಲತಾಣಗಳ ಲೋಕದಲ್ಲೂ ಹೀಗೆಯೇ. ಒಂದು ಪುಟಕ್ಕೆ ಹೊರಗಿನ ಬೇರೆ ಬೇರೆ ಪುಟಗಳಿಂದ ಬರುವ ದಾರಿಗಳಿಗೆ ಕನ್ನಡದಲ್ಲಿ ಕೊಂಡಿ ಎನ್ನುತ್ತೇವೆ, ಮಾತಿನಲ್ಲಿ ಲಿಂಕ್ ಎನ್ನುತ್ತೇವೆ. ಯಾರಾದರೂ ಗೂಗಲ್‌ನಲ್ಲಿ ಹುಡುಕಿದಾಗ ಯಾವ ಪುಟ ಮೇಲೆ, ಯಾವುದು ಕೆಳಗೆ ಎಂದು ತೀರ್ಮಾನವಾಗುವಾಗ ಈ ಒಳಬರುವ ಕೊಂಡಿಗಳಿಗೆ ದೊಡ್ಡ ಪಾಲಿದೆ. ಬೆಳಗಾವಿಯಲ್ಲಿ ಕೂತು ಅಂಗಡಿ, ಶಾಲೆ, ಹೋಮ್‌ಸ್ಟೇಗಳ ಜಾಲತಾಣ ಮಾಡಿಕೊಡುವುದು ನನ್ನ ಬಹಳ ವರ್ಷದ ಹೊಟ್ಟೆಪಾಡು. ಅಲ್ಲಿ ಕಂಡದ್ದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ನಿಮ್ಮದೇ ನೆರೆಯ ಒಂದು ಊರಿನ ಮಾತು. ದಕ್ಷಿಣದ ಚಿರಾಪುಂಜಿ ಯಾವುದು ಎಂದು ಇಲ್ಲಿರುವ ಮಕ್ಕಳನ್ನು ಕೇಳಿದರೆ ಎಲ್ಲರೂ ಆಗುಂಬೆ ಎನ್ನುತ್ತೀರಿ. ನಾನೂ ಶಾಲೆಯಲ್ಲಿ ಅದನ್ನೇ ಬರೆದು ಅಂಕ ತೆಗೆದುಕೊಂಡವನು. ಆದರೆ ಈ ಖಾನಾಪುರ ತಾಲ್ಲೂಕಿನ ಅಮಗಾಂವದಲ್ಲಿ 2010ರಲ್ಲಿ 10,000 ಮಿಲಿಮೀಟರಿಗೂ ಹೆಚ್ಚು ಮಳೆ ದಾಖಲಾಯಿತು. ಅದೇ ವರ್ಷ ಆಗುಂಬೆಯ ಮಳೆ ಇದಕ್ಕಿಂತ ಎಷ್ಟೋ ಕಡಿಮೆ. ಇಷ್ಟಾದರೂ ಇವತ್ತು ಯಾರಾದರೂ ಕರ್ನಾಟಕದ ಮಳೆಯೂರು ಎಂದು ಹುಡುಕಿದರೆ ಮೊದಲು ಬರುವುದು ಆಗುಂಬೆಯೇ. ಇದರಲ್ಲಿ ಆಗುಂಬೆಯ ತಪ್ಪೇನೂ ಇಲ್ಲ. ಶಂಕರನಾಗ್ ಅಲ್ಲಿ ‘ಮಾಲ್ಗುಡಿ ಡೇಸ್’ ತೆಗೆದರು. ಹಾವುಗಳ ತಜ್ಞ ರೋಮ್ಯುಲಸ್ ವಿಟೇಕರ್ 2005ರಲ್ಲಿ ಅಲ್ಲೊಂದು ಮಳೆಕಾಡು ಸಂಶೋಧನಾ ಕೇಂದ್ರ ತೆರೆದರು, ಕಾಳಿಂಗ ಸರ್ಪದ ಮೇಲೆ ಅಧ್ಯಯನ ನಡೆಯಿತು. ಸಿನಿಮಾ ಬರೆಯುವವರು, ಹಾವಿನ ಬಗ್ಗೆ ಬರೆಯುವವರು, ಸೂರ್ಯಾಸ್ತ ನೋಡಲು ಹೋದವರು, ಪಠ್ಯಪುಸ್ತಕ ಬರೆದವರು, ಎಲ್ಲರೂ ಆಗುಂಬೆಯ ಕಡೆ ಕೈ ತೋರಿಸಿದರು. ಅಮಗಾಂವದ ಕಡೆ ಕೈ ತೋರಿಸಿದವರು ಮಳೆಮಾಪಕದ ಲೆಕ್ಕ ಬರೆದುಕೊಂಡ ಕೆಲವರು ಮಾತ್ರ. ಹುಡುಕುವ ಯಂತ್ರಕ್ಕೆ ಮಳೆ ಕಾಣುವುದಿಲ್ಲ, ಯಾರು ಯಾವ ಕಡೆ ಕೈ ತೋರಿಸಿದರು ಎಂಬುದು ಕಾಣುತ್ತದೆ.

ಯಂತ್ರ ಹೀಗೇಕೆ ಲೆಕ್ಕ ಹಾಕುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದು ತಿಳಿಯದೆಯೇ ನಮ್ಮ ಜನ ರೊಕ್ಕ ಕಳೆದುಕೊಳ್ಳುತ್ತಿದ್ದಾರೆ.

1990ರ ದಶಕದ ನಡುವೆ ಇದ್ದ ಹುಡುಕುಯಂತ್ರಗಳು ಹೆಚ್ಚಾಗಿ ಪುಟದೊಳಗಿನ ಪದಗಳನ್ನು ಎಣಿಸುತ್ತಿದ್ದವು. ಒಂದು ಪುಟದಲ್ಲಿ ‘ಜಲಪಾತ’ ಎಂದು ಐವತ್ತು ಸಲ ಬರೆದರೆ ಆ ಪುಟ ಮೇಲೇರುತ್ತಿತ್ತು. ತನ್ನ ಬಗ್ಗೆ ತಾನೇ ಹೇಳಿಕೊಂಡದ್ದನ್ನು ನಂಬಿದರೆ ಆಗುವುದು ಅಷ್ಟೇ. ಆಗ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಇನ್ನೊಂದು ದಾರಿ ಹಿಡಿದರು. 1996ರಲ್ಲಿ ಅವರ ಪ್ರಯೋಗದ ಹೆಸರು ‘ಬ್ಯಾಕ್‌ರಬ್’. ಪುಟ ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತದೆ ಎಂಬುದಕ್ಕಿಂತ ಉಳಿದವರು ಅದನ್ನು ಎಷ್ಟು ಉಲ್ಲೇಖಿಸುತ್ತಾರೆ ಎಂದು ನೋಡುವುದು ಅದರ ತಿರುಳು. 1998ರಲ್ಲಿ ಅದು ಗೂಗಲ್ ಕಂಪನಿಯಾಯಿತು, ಆ ಲೆಕ್ಕಕ್ಕೆ ‘ಪೇಜ್‌ರ‍್ಯಾಂಕ್’ ಎಂದು ಹೆಸರಾಯಿತು. ಉಪಾಯ ಪೂರ್ತಿ ಹೊಸದಾಗಿರಲಿಲ್ಲ. ಯೂಜೀನ್ ಗಾರ್ಫೀಲ್ಡ್ ಎಂಬವರು 1955ರಲ್ಲೇ ಇದನ್ನು ವಿಜ್ಞಾನದ ಲೇಖನಗಳಿಗೆ ಸೂಚಿಸಿದ್ದರು. ಯಾವ ಲೇಖನವನ್ನು ಎಷ್ಟು ಜನ ಉಲ್ಲೇಖಿಸಿದರು ಎಂಬ ಅವರ ಸೂಚಿ 1964ರಲ್ಲಿ ಹೊರಬಂತು.

ಬರಿಯ ಎಣಿಕೆಯಾಗಿದ್ದರೆ ಮೋಸ ಸುಲಭವಿತ್ತು. ಪೇಜ್‌ರ‍್ಯಾಂಕ್‌ನಲ್ಲಿ ಪ್ರತಿ ಕೊಂಡಿಗೂ ತೂಕ ಬೇರೆ. ಒಂದು ಪುಟದ ಯೋಗ್ಯತೆ 12 ರೂಪಾಯಿ ಎಂದುಕೊಳ್ಳಿ. ಆ ಹಣವನ್ನು ಅದು ತಾನು ಕೈ ತೋರಿಸಿದ ಪುಟಗಳಿಗೆ ಸಮನಾಗಿ ಹಂಚುತ್ತದೆ. ಹಂಚುವ ಮೊದಲು ನೂರಕ್ಕೆ ಹದಿನೈದು ಪಾಲು ಕಳೆಯಬೇಕು. ಲಿಂಕ್ ಒತ್ತುತ್ತ ಒತ್ತುತ್ತ ಹೋಗುವ ಓದುಗ ಎಲ್ಲೋ ಒಂದು ಕಡೆ ಬೇಸತ್ತು ಬೇರೆಲ್ಲಿಗೋ ಹಾರಿಬಿಡುತ್ತಾನೆ ಎಂಬ ಊಹೆಗೆ ಆ ಕಡಿತ. ಉಳಿದದ್ದು 10 ರೂಪಾಯಿ 20 ಪೈಸೆ. ಆ ಪುಟ ಮೂರೇ ಕಡೆ ಕೈ ತೋರಿಸಿದ್ದರೆ ಒಬ್ಬೊಬ್ಬರಿಗೆ 3 ರೂಪಾಯಿ 40 ಪೈಸೆ. ಅದೇ ಪುಟ ನೂರು ಜನರಿಗೆ ಕೈ ತೋರಿಸಿದ್ದರೆ ಒಬ್ಬೊಬ್ಬರಿಗೆ ಹತ್ತು ಪೈಸೆ. ಕೇಳಿದವರಿಗೆಲ್ಲ ಶಿಫಾರಸು ಪತ್ರ ಬರೆದುಕೊಡುವ ಮನುಷ್ಯನ ಪತ್ರಕ್ಕೆ ಬೆಲೆ ಇರುವುದಿಲ್ಲವಲ್ಲ, ಹಾಗೆ. ಇನ್ನು ಆ 12 ರೂಪಾಯಿ ಎಲ್ಲಿಂದ ಬಂತು? ಆ ಪುಟದ ಕಡೆ ಕೈ ತೋರಿಸಿದ ಇತರರಿಂದ. ಅವರಿಗೆ ಮತ್ತೆ ಇನ್ನಾರಿಂದಲೋ. ಹೀಗೆ ಇಡೀ ಜಾಲದ ಲೆಕ್ಕವನ್ನು ಮತ್ತೆ ಮತ್ತೆ ಹಾಕುತ್ತ ಹೋದರೆ ಒಂದು ಹಂತದಲ್ಲಿ ಅಂಕಿಗಳು ಅಲುಗದೆ ನಿಲ್ಲುತ್ತವೆ. ಇವತ್ತಿನ ಗೂಗಲ್ ಇದೊಂದನ್ನೇ ನೋಡುವುದಿಲ್ಲ, ನೂರಾರು ಸಂಗತಿ ನೋಡುತ್ತದೆ. ಹೊರಗಿನವರಿಗೆ ತೋರಿಸುತ್ತಿದ್ದ ಪೇಜ್‌ರ‍್ಯಾಂಕ್ ಅಂಕಿಯನ್ನೂ 2016ರಲ್ಲಿ ನಿಲ್ಲಿಸಿಬಿಟ್ಟಿತು. ಆದರೂ ಯೋಗ್ಯರು ಹೇಳಿದ ಮಾತಿಗೆ ತೂಕ ಎಂಬ ತಳಹದಿ ಹೋಗಿಲ್ಲ.

ಕನ್ನಡಿಗರಾದ ನಮಗೆ ಇದು ಹೊಸ ವಿದ್ಯೆಯೇ? ನನಗೆ ಹಾಗನ್ನಿಸುವುದಿಲ್ಲ.

ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ತನಗಿಂತ ಹಿಂದಿನ ಕನ್ನಡ ಗದ್ಯಕಾರರನ್ನೂ ಕವಿಗಳನ್ನೂ ಹೆಸರಿಸುತ್ತದೆ. ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಆಮೇಲೆ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ. ಇವರು ಬರೆದ ಕನ್ನಡ ಕೃತಿಗಳು ನಮ್ಮ ಕೈಯಲ್ಲಿಲ್ಲ. ಓಲೆಗರಿ ಹೋಯಿತು, ಊರು ಹೋಯಿತು, ಅವರ ಕಡೆ ತೋರಿಸಿದ ಬೆರಳು ಮಾತ್ರ ಉಳಿಯಿತು. ಅಸಗ ಬರೆದ ಕನ್ನಡ ಕುಮಾರಸಂಭವವೂ ಹಾಗೆಯೇ ಕಳೆದುಹೋದದ್ದು. ಆದರೆ ನಂತರದ ಕವಿಗಳು ಅವನನ್ನು ಬಿಡದೆ ನೆನೆದರು. ಒಂದನೇ ಗುಣವರ್ಮನ ‘ಶೂದ್ರಕ’ ಮತ್ತು ‘ಹರಿವಂಶ’ಗಳ ಬಗ್ಗೆ ನಮಗೆ ಗೊತ್ತಿರುವುದು ಆಮೇಲಿನವರು ಎತ್ತಿ ತೋರಿಸಿದ್ದರಿಂದ. ಹದಿಮೂರನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆಯುವಾಗ ತನ್ನ ವ್ಯಾಕರಣಕ್ಕೆ ಯಾರ ಪ್ರಯೋಗ ಆಧಾರ ಎಂದು ಕವಿಗಳ ಪಟ್ಟಿಯನ್ನೇ ಕೊಟ್ಟ. ಆರ್. ನರಸಿಂಹಾಚಾರ್ಯರು 1907ರಲ್ಲಿ ಮೊದಲ ಸಂಪುಟ, 1919ರಲ್ಲಿ ಎರಡನೆಯದು, 1929ರಲ್ಲಿ ಮೂರನೆಯದು ಎಂದು ‘ಕರ್ಣಾಟಕ ಕವಿಚರಿತೆ’ ಹೊರತಂದರಲ್ಲ, ಆ ಮಹಾಕಾರ್ಯದಲ್ಲಿ ಬಹಳ ಕಡೆ ಅವರು ಮಾಡಿದ್ದು ಕೊಂಡಿ ಹಿಡಿದು ಹಿಂದಕ್ಕೆ ಹೋಗುವ ಕೆಲಸ. ಈ ಕವಿಯನ್ನು ಯಾರು ನೆನೆದಿದ್ದಾರೆ, ಇವನು ಯಾರನ್ನು ನೆನೆದಿದ್ದಾನೆ, ಆದ್ದರಿಂದ ಇವನ ಕಾಲ ಯಾವುದು. ಪೂರ್ವಕವಿ ಸ್ಮರಣೆ ಎಂಬ ಆ ಪದ್ಧತಿ ಇಲ್ಲದಿದ್ದರೆ ನಮ್ಮ ಸಾಹಿತ್ಯ ಚರಿತ್ರೆಯ ಮೊದಲ ಅಧ್ಯಾಯಗಳು ಬಹುಪಾಲು ಖಾಲಿ ಇರುತ್ತಿದ್ದವು.

ಅಸಗನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪೊನ್ನ ಅವನನ್ನು ನೆನೆದದ್ದು ಹೊಗಳುವುದಕ್ಕಲ್ಲ, ಕನ್ನಡ ಕವಿತೆಯಲ್ಲಿ ತಾನು ಅವನಿಗಿಂತ ನೂರು ಪಾಲು ಮೇಲು ಎಂದು ಹೇಳಿಕೊಳ್ಳುವುದಕ್ಕೆ. ಆದರೆ ಆ ಮಾತಿನಿಂದಲೇ ಅಸಗ ಎಷ್ಟು ದೊಡ್ಡವನಿದ್ದ ಎಂದು ನಮಗೆ ತಿಳಿಯುತ್ತದೆ. ಬೈಗುಳವೂ ಕೊಂಡಿಯೇ. ಹುಡುಕುಯಂತ್ರಕ್ಕೂ ಈ ತೊಡಕು ಎದುರಾಯಿತು. 2010ರಲ್ಲಿ ಅಮೆರಿಕದಲ್ಲಿ ಕನ್ನಡಕ ಮಾರುತ್ತಿದ್ದವನೊಬ್ಬ ಗಿರಾಕಿಗಳನ್ನು ಬೇಕೆಂದೇ ಬೈದು ಬೆದರಿಸಿ, ಅವರು ಸಿಟ್ಟಿನಿಂದ ಬರೆದ ದೂರುಗಳಲ್ಲಿನ ಕೊಂಡಿಗಳೇ ತನ್ನನ್ನು ಮೇಲೆ ತಂದವು ಎಂದು ಪತ್ರಿಕೆಗೆ ಹೆಮ್ಮೆಯಿಂದ ಹೇಳಿಕೊಂಡ. ವರದಿ ಬಂದ ಕೆಲವೇ ದಿನಗಳಲ್ಲಿ ಗೂಗಲ್ ತನ್ನ ಲೆಕ್ಕ ತಿದ್ದಿಕೊಂಡಿತು.

ಈಗ ನಮ್ಮ ತಾಲ್ಲೂಕಿಗೆ ಬರುತ್ತೇನೆ. ಕೆಲವು ವರ್ಷದ ಹಿಂದೆ ಇಲ್ಲಿಂದ ದೂರವಲ್ಲದ ಹಳ್ಳಿಯ ಹುಡುಗನೊಬ್ಬ ಬೆಳಗಾವಿಗೆ ನನ್ನನ್ನು ಹುಡುಕಿಕೊಂಡು ಬಂದ. ಹಳೆಯ ಹಂಚಿನ ಮನೆಗೆ ಎರಡು ಕೋಣೆ ಸೇರಿಸಿ ಹೋಮ್‌ಸ್ಟೇ ಮಾಡಿದ್ದ. ಅವನ ಹೆಸರು ಹೇಳುವುದಿಲ್ಲ, ಅವನ ಮರ್ಯಾದೆ ನನಗೆ ದೊಡ್ಡದು.

“ಸರ, ಐದು ಸಾವಿರ ಲಿಂಕ್ ಹಾಕಿಸೀನ್ರೀ. ರೊಕ್ಕಾ ಕೊಟ್ಟೀನಿ. ಮೊದಲನೇ ತಿಂಗಳು ಮ್ಯಾಲೆ ಬಂತು, ಈಗ ನಮ್ಮ ಮನಿ ಹೆಸರು ಹಾಕಿದ್ರೂ ಬರವಲ್ದು” ಎಂದ.

ಕೊಟ್ಟದ್ದು ಎಷ್ಟು ಎಂದು ಕೇಳಿದೆ. ಅವರ ಅವ್ವ ಹೈನದ ರೊಕ್ಕ ಕೂಡಿಸಿಟ್ಟಿದ್ದರು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು. ಫೋನಿನಲ್ಲೇ ವ್ಯವಹಾರ ಮುಗಿಸಿದ ಒಂದು ಕಂಪನಿ ಅದನ್ನು ತೆಗೆದುಕೊಂಡಿತ್ತು.

ಆ ಕೊಂಡಿಗಳ ಪಟ್ಟಿಯನ್ನು ತೆರೆದು ಇಬ್ಬರೂ ರಾತ್ರಿಯವರೆಗೆ ಕೂತು ನೋಡಿದೆವು. ಜೂಜಿನ ತಾಣಗಳು, ಮಾತ್ರೆ ಮಾರುವ ತಾಣಗಳು, ಯಾವ ದೇಶದವೋ ತಿಳಿಯದ ಭಾಷೆಯ ಪಾಳುಬಿದ್ದ ಪುಟಗಳು. ಪ್ರತಿ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಕನ್ನಡದ ಎರಡೇ ಪದ: ಬೆಳಗಾವಿ ಹೋಮ್‌ಸ್ಟೇ. ಮುಂದಿನದರಲ್ಲೂ ಬೆಳಗಾವಿ ಹೋಮ್‌ಸ್ಟೇ. ಅದರ ಮುಂದಿನದರಲ್ಲೂ ಅದೇ. ಒಂದು ಗಂಟೆ ಅದನ್ನೇ ನೋಡಿದ ಮೇಲೆ ನನಗೊಂದು ಹೊಳೆಯಿತು, ಅವನಿಗೂ ತೋರಿಸಿದೆ. ಐದು ಸಾವಿರದಲ್ಲಿ ಒಂದಕ್ಕೂ ವಿಭಕ್ತಿ ಇಲ್ಲ.

ಮಕ್ಕಳೇ, ವ್ಯಾಕರಣದ ತರಗತಿಯಲ್ಲಿ ವಿಭಕ್ತಿ ಪ್ರತ್ಯಯ ಏಕೆ ಎಂದು ಬೇಸರಪಡುತ್ತೀರಲ್ಲ, ಇಲ್ಲಿ ಅದು ಸಾಕ್ಷಿ ಹೇಳುತ್ತದೆ. ಕನ್ನಡದಲ್ಲಿ ನಿಜವಾಗಿ ಮಾತಾಡುವ ಮನುಷ್ಯ ಊರಿನ ಹೆಸರನ್ನು ಬರಿದೇ ಇಡುವುದು ಕಡಿಮೆ. ಜಾಂಬೋಟಿಯ ಮಳೆ ಎನ್ನುತ್ತಾನೆ, ಜಾಂಬೋಟಿಗೆ ಬಸ್ಸು ಎನ್ನುತ್ತಾನೆ, ಜಾಂಬೋಟಿಯಿಂದ ಮುಂದೆ ದಾರಿ ಕೆಟ್ಟಿದೆ ಎನ್ನುತ್ತಾನೆ, ಜಾಂಬೋಟಿಯಲ್ಲಿ ಇಳಿದು ಚಹಾ ಕುಡಿದೆವು ಎನ್ನುತ್ತಾನೆ. ಆ ‘ಅ’, ‘ಗೆ’, ‘ಇಂದ’, ‘ಅಲ್ಲಿ’ಗಳು ಬರುವುದು ಒಂದು ವಾಕ್ಯದೊಳಗೆ ಹೆಸರು ಕೂತಾಗ, ಹೇಳುವವನಿಗೆ ಹೇಳಲು ಏನೋ ಇದ್ದಾಗ. ರೊಕ್ಕಕ್ಕೆ ಹಾಕಿದ ಕೊಂಡಿ ವಾಕ್ಯದಿಂದ ಹೊರಗೆ ಬಿದ್ದಿರುತ್ತದೆ. ಕೊಂಡಿಯನ್ನು ಹೊತ್ತ ಪದಗಳನ್ನು ಹುಡುಕುಯಂತ್ರ ಓದುತ್ತದೆ, ಆಚೆ ಇರುವ ಪುಟ ಯಾವುದರ ಬಗ್ಗೆ ಎಂದು ಅದರಿಂದ ಊಹಿಸುತ್ತದೆ. ಎಲ್ಲ ಕಡೆಯೂ ಅಕ್ಷರಶಃ ಒಂದೇ ಪದ ಇದ್ದರೆ ಯಾರೋ ಒಬ್ಬರೇ ಕೂತು ಅಚ್ಚು ಒತ್ತಿದ್ದಾರೆ ಎಂದು ಅದಕ್ಕೂ ಗೊತ್ತಾಗುತ್ತದೆ.

ದೊಡ್ಡ ಕಂಪನಿಗಳೂ ಈ ಹಳ್ಳಕ್ಕೆ ಬಿದ್ದಿವೆ. 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಜೆ.ಸಿ. ಪೆನ್ನಿ ಎಂಬ ಅಮೆರಿಕದ ಅಂಗಡಿಸಾಲಿನ ಸಂಗತಿ ಹೊರಹಾಕಿತು. ಸಂಬಂಧವೇ ಇಲ್ಲದ ಸಾವಿರಾರು ಪುಟಗಳಲ್ಲಿ ಅದರ ಕೊಂಡಿಗಳಿದ್ದವು, ಉಡುಪಿನಿಂದ ಹಾಸಿಗೆಯವರೆಗೆ ಏನು ಹುಡುಕಿದರೂ ಅದೇ ಮೇಲೆ ಬರುತ್ತಿತ್ತು. ಗೂಗಲ್ ಕೈ ಹಾಕಿದ ಸಂಜೆ, ಸೂಟ್‌ಕೇಸಿನ ಒಂದು ಹುಡುಕಾಟದಲ್ಲಿ ಮೊದಲ ಸ್ಥಾನದಲ್ಲಿದ್ದ ಅಂಗಡಿ ಎರಡು ಗಂಟೆಯಲ್ಲಿ 71ನೇ ಸ್ಥಾನಕ್ಕೆ ಬಿತ್ತು. ಮುಂದಿನ ವರ್ಷ, 2012ರ ಏಪ್ರಿಲ್ 24ರಂದು, ‘ಪೆಂಗ್ವಿನ್’ ಎಂಬ ಹೊಸ ಲೆಕ್ಕ ಬಂತು, ಇಂಥ ಕೊಂಡಿಗಳನ್ನು ಯಂತ್ರವೇ ಹಿಡಿಯತೊಡಗಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಈ ಕೊಂಡಿಗಳು ನನ್ನವಲ್ಲ ಎಂದು ತಾಣದ ಮಾಲೀಕರು ಬರೆದುಕೊಡುವ ಸೌಲಭ್ಯವೂ ಬಂತು. ಅದಕ್ಕೂ ಮೊದಲು, 2005ರಲ್ಲೇ, ಕೊಂಡಿಗೆ ‘ನೋಫಾಲೋ’ ಎಂಬ ಗುರುತು ಹಚ್ಚುವ ಪದ್ಧತಿ ಶುರುವಾಗಿತ್ತು. ಇಲ್ಲಿ ದಾರಿ ಇದೆ, ಆದರೆ ಇದನ್ನು ನನ್ನ ಶಿಫಾರಸು ಎಂದು ಎಣಿಸಬೇಡಿ ಎಂದು ಅದರ ಅರ್ಥ. ಜಾಹೀರಾತಿನ ಕೊಂಡಿಗೆ ಈ ಗುರುತೋ ಇಂಥದೇ ಇನ್ನೊಂದು ಗುರುತೋ ಇರಬೇಕು. ವಿಕಿಪೀಡಿಯದ ಹೊರಕೊಂಡಿಗಳಿಗೂ ಇದೆ. ಹಾಗಾಗಿ ಅಲ್ಲಿ ಹೋಗಿ ನಿಮ್ಮ ಅಂಗಡಿಯ ವಿಳಾಸ ತುರುಕಿದರೆ ಲಾಭವೂ ಇಲ್ಲ, ಅಲ್ಲಿ ದುಡಿಯುವ ಕನ್ನಡಿಗರಿಗೆ ಅಳಿಸುವ ಕೆಲಸ ಬೇರೆ.

ಹುಡುಗನ ಐದು ಸಾವಿರ ಕೊಂಡಿಗಳನ್ನು ನಮ್ಮವಲ್ಲ ಎಂದು ಬರೆದುಕೊಟ್ಟೆವು. ರೊಕ್ಕ ಮರಳಲಿಲ್ಲ. ಆಮೇಲೆ ಅವನನ್ನು ಕೇಳಿದೆ: “ನಿಮ್ಮ ಪುಟದಾಗ ಏನೈತಿ? ಇನ್ನೊಬ್ಬರು ಯಾಕ ಅದರ ಕಡೆ ಕೈ ತೋರಿಸಬೇಕು?”

ಪುಟದಲ್ಲಿ ಇದ್ದದ್ದು ಕೋಣೆಯ ನಾಲ್ಕು ಫೋಟೋ ಮತ್ತು ವಜ್ರಪೋಹ ಜಲಪಾತದ ಬಗ್ಗೆ ಎಲ್ಲಿಂದಲೋ ತೆಗೆದ ಒಂದು ಪ್ಯಾರಾ. ಅದೇ ಪ್ಯಾರಾ ಅದೇ ತಪ್ಪುಗಳೊಂದಿಗೆ ಎಷ್ಟೋ ತಾಣಗಳಲ್ಲಿದೆ. ಎಲ್ಲ ಕಡೆ ಸಿಗುವುದರ ಕಡೆ ಯಾರೂ ಬೆರಳು ಮಾಡುವುದಿಲ್ಲ.

ಇದಕ್ಕೆ ಎದುರಾದ ಒಂದು ಉದಾಹರಣೆ ಈ ಕಾಡಿನಲ್ಲೇ ಇದೆ. ಭೀಮಗಡ ವನ್ಯಧಾಮದೊಳಗೆ, ತಲೇವಾಡಿಯ ಹತ್ತಿರ ಬಾರಾಪೇಡೆ ಗುಹೆಗಳಿವೆ. ಅಲ್ಲೊಂದು ಜಾತಿಯ ಬಾವಲಿ, ಬಾಲ ಹಿಂಗಾಲುಗಳ ನಡುವಿನ ಪೊರೆಯಿಂದ ಹೊರಗೆ ಚಾಚಿಕೊಂಡಿರುವಂಥದ್ದು, ವಾಸವಾಗಿದೆ. 1913ರಲ್ಲಿ ಪ್ರಾಣಿವಿಜ್ಞಾನಿ ಓಲ್ಡ್‌ಫೀಲ್ಡ್ ಥಾಮಸ್ ಅದನ್ನು ಹೊಸ ಪ್ರಭೇದವೆಂದು ವಿವರಿಸಿ ರಾಟನ್ ಎಂಬವರ ಹೆಸರಿಟ್ಟರು. ಜಗತ್ತಿನಲ್ಲೇ ಅದರ ನೆಲೆ ಇದೊಂದೇ ಎಂದು ಬಹುಕಾಲ ತಿಳಿಯಲಾಗಿತ್ತು. ಆಮೇಲೆ ಮೇಘಾಲಯದಲ್ಲಿ, ಕಾಂಬೋಡಿಯದಲ್ಲಿ ಕಂಡಿತು. ಬಾವಲಿಗಳ ಬಗ್ಗೆ ಜಗತ್ತಿನ ಯಾವ ಮೂಲೆಯಲ್ಲಿ ಯಾರು ಪಟ್ಟಿ ಬರೆದರೂ ಖಾನಾಪುರ ತಾಲ್ಲೂಕಿನ ಒಂದು ಗುಹೆಯ ಹೆಸರು ಬರೆಯಲೇಬೇಕು. ಯಾರೂ ಅವರಿಗೆ ಕಾಸು ಕೊಟ್ಟಿಲ್ಲ. ಆಗ ಬೇರೆಲ್ಲೂ ಕಾಣದಿದ್ದದ್ದು ಇಲ್ಲಿತ್ತು, ಅದನ್ನು ಒಬ್ಬರು ನೋಡಿ ಸರಿಯಾಗಿ ಬರೆದರು, ಅಷ್ಟೇ. 190 ಚದರ ಕಿಲೋಮೀಟರಿನ ಈ ಕಾಡು 2011ರಲ್ಲಿ ವನ್ಯಧಾಮವಾಗುವಾಗಲೂ ಆ ಬಾವಲಿಯ ಹೆಸರು ಜೊತೆಗಿತ್ತು.

ಇಲ್ಲೇ ಒಂದು ಎಚ್ಚರದ ಮಾತನ್ನೂ ಹೇಳಬೇಕು. ಆ ಗುಹೆಗೆ ಹೋಗುವ ದಾರಿಯ ನಕ್ಷೆಯನ್ನು ದಯವಿಟ್ಟು ಯಾರೂ ಹಾಕಬೇಡಿ. ಎಲ್ಲ ಜಾಗಕ್ಕೂ ದಾರಿ ಕೂಡಬೇಕೆಂಬ ನಿಯಮವಿಲ್ಲ. ಮೊಬೈಲ್ ಬೆಳಕು ಹಿಡಿದು ನೂರು ಜನ ಒಳಗೆ ನುಗ್ಗಿದರೆ ಬಾವಲಿ ಉಳಿಯುವುದಿಲ್ಲ. ಜಲಪಾತಗಳ ವಿಷಯವೂ ಅಷ್ಟೇ: ಅರಣ್ಯ ಇಲಾಖೆಯ ಅನುಮತಿ ಬೇಕಾದ ಕಡೆ ಅನುಮತಿ ಬೇಕು ಎಂದೇ ಬರೆಯಬೇಕು. ನಮ್ಮ ಪುಟ ಮೇಲೆ ಬರಲಿ ಎಂದು ಒಬ್ಬರ ಮಕ್ಕಳನ್ನು ಮಳೆಗಾಲದ ಕಾಡುಹೊಳೆಗೆ ಇಳಿಸುವ ಪಾಪ ನಮಗೆ ಬೇಡ.

ಹುಡುಗನಿಗೆ ಹೇಳಿದ್ದು ಇಷ್ಟೇ: ನಿನಗೆ ಗೊತ್ತಿರುವುದನ್ನು, ಬೆಂಗಳೂರಿನಲ್ಲಿ ಕೂತವನಿಗೆ ಗೊತ್ತಾಗದ್ದನ್ನು ಬರಿ. ಅವನು ಮಳೆಗಾಲದ ದಾರಿಯ ಬಗ್ಗೆ ಬರೆಯಲು ಶುರುಮಾಡಿದ. ಇಂದು ಯಾವ ತಿರುವಿನಲ್ಲಿ ಮರ ಬಿದ್ದಿದೆ, ಮಂಜು ಎಷ್ಟು ಹೊತ್ತಿಗೆ ಏಳುತ್ತದೆ, ಫೋನ್ ಸಿಗ್ನಲ್ ಎಲ್ಲಿ ಕಡಿಯುತ್ತದೆ, ಸಂಜೆ ಎಷ್ಟರ ಮೇಲೆ ಘಾಟಿ ಇಳಿಯಬಾರದು, ಜಿಗಣೆಗೆ ಅವರ ಅಜ್ಜಿ ಕಾಲಿಗೆ ಏನು ಹಚ್ಚುತ್ತಾರೆ. ಕಣಕುಂಬಿಯ ಮಾವುಲಿ ಗುಡಿಯ ಹತ್ತಿರ ಹುಟ್ಟುವ ಮಲಪ್ರಭೆ ಮೊದಲ ಮಳೆಗೆ ಹೇಗೆ ಬಣ್ಣ ಬದಲಿಸುತ್ತಾಳೆ ಎಂದು ವಾರಕ್ಕೊಂದು ಫೋಟೋ, ಕೆಳಗೆ ತಾರೀಖು. ಮೊದಲ ಒಂದು ವರ್ಷ ಏನೂ ಆಗಲಿಲ್ಲ. ಎರಡನೇ ಮಳೆಗಾಲದಲ್ಲಿ ಬೆಳಗಾವಿಯ ಒಂದು ಕಾಲೇಜಿನ ಅಧ್ಯಾಪಕರು ವಿದ್ಯಾರ್ಥಿಗಳನ್ನು ಕಾಡಿಗೆ ಕರೆತರುವ ಮುನ್ನ ಓದಬೇಕಾದದ್ದು ಎಂದು ಆ ಪುಟಕ್ಕೆ ಕೊಂಡಿ ಹಾಕಿದರು. ಸೈಕಲ್ ತುಳಿಯುವ ಒಂದು ಗೆಳೆಯರ ಬಳಗ ಹಾಕಿತು. ಎರಡೂ ಸೇರಿ ಎರಡು. ಆದರೆ ಆ ಎರಡು, ಐದು ಸಾವಿರಕ್ಕಿಂತ ತೂಕ.

ಕೇಳಿ ಪಡೆಯುವುದರಲ್ಲಿ ತಪ್ಪಿಲ್ಲ, ಇದನ್ನೂ ಸ್ಪಷ್ಟವಾಗಿ ಹೇಳುತ್ತೇನೆ. ಹಲಸಿಯ ಭೂವರಾಹ ನರಸಿಂಹ ಗುಡಿಯ ಬಗ್ಗೆ ಲೇಖನ ಬರೆದವರಿಗೆ, ನಮ್ಮೂರಿನಿಂದ ಅಲ್ಲಿಗೆ ಹೋಗುವ ಬಸ್ಸಿನ ವೇಳೆ ನನ್ನ ಪುಟದಲ್ಲಿದೆ, ನಿಮ್ಮ ಓದುಗರಿಗೆ ಅನುಕೂಲವಾಗುವುದಾದರೆ ಸೇರಿಸಿ ಎಂದು ನಾಲ್ಕು ಸಾಲಿನ ಪತ್ರ ಬರೆಯಬಹುದು. ಅವರಿಗೆ ಉಪಯೋಗವಿದ್ದರೆ ಸೇರಿಸುತ್ತಾರೆ. ನಾನು ನಿನಗೆ ಹಾಕುತ್ತೇನೆ, ನೀನು ನನಗೆ ಹಾಕು ಎಂದು ಊರೆಲ್ಲ ಮುಯ್ಯಿ ಬರೆಸಿಕೊಳ್ಳುತ್ತ ಹೋಗುವುದು ಬೇರೆ. ಗೂಗಲ್ ಅದನ್ನೂ ಮೋಸದ ಪಟ್ಟಿಯಲ್ಲೇ ಇಟ್ಟಿದೆ.

ಬಂದ ಕೊಂಡಿಯನ್ನು ಕಾಪಾಡಿಕೊಳ್ಳುವುದರಲ್ಲಿ ನಾವು ಬಹಳ ಅಸಡ್ಡೆ. 2014ರ ನವೆಂಬರ್ 1ರಂದು ಬೆಳಗಾಂ ಅಧಿಕೃತವಾಗಿ ಬೆಳಗಾವಿ ಆಯಿತು. ಸಂತೋಷ. ಆದರೆ ಆಗ ಹಳೆಯ ಇಂಗ್ಲಿಷ್ ಹೆಸರು ಹೊತ್ತಿದ್ದ ಎಷ್ಟೋ ತಾಣಗಳು ವಿಳಾಸವನ್ನೇ ಬದಲಿಸಿ, ಹಳೆಯ ವಿಳಾಸವನ್ನು ಹಾಗೇ ಸಾಯಲು ಬಿಟ್ಟವು. ಮನೆ ಬದಲಿಸುವಾಗ ಪೋಸ್ಟ್‌ಮನ್‌ಗೆ ಹೊಸ ವಿಳಾಸ ಹೇಳಿ ಹೋಗುವಂತೆ, ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಒಂದು ಸಣ್ಣ ಏರ್ಪಾಡಿದೆ. ತಂತ್ರಜ್ಞರು ಅದನ್ನು 301 ಎನ್ನುತ್ತಾರೆ. ಅದನ್ನು ಮಾಡಿದ್ದರೆ ಹತ್ತು ಹದಿನೈದು ವರ್ಷ ಜನ ಹಾಕಿದ್ದ ಕೊಂಡಿಗಳೆಲ್ಲ ಹೊಸ ಹೆಸರಿಗೆ ಸಲ್ಲುತ್ತಿದ್ದವು. ನುಡಿ, ಬರಹ ಕಾಲದ ಫಾಂಟುಗಳಲ್ಲಿದ್ದ ಕನ್ನಡ ಪುಟಗಳು ಯೂನಿಕೋಡಿಗೆ ಬರುವಾಗಲೂ ಇದೇ ಆಯಿತು. ಆ ಹಳೆಯ ಪುಟಗಳಲ್ಲಿ ಯಂತ್ರಕ್ಕೆ ಕಾಣುತ್ತಿದ್ದದ್ದು ಇಂಗ್ಲಿಷಿನ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ, ಆದ್ದರಿಂದ ಬದಲಾವಣೆ ಆಗಲೇಬೇಕಿತ್ತು. ಜೊತೆಗೆ ವಿಳಾಸಗಳೂ ಕಳೆದುಹೋದದ್ದು ನಷ್ಟ. ಇದು ನಮ್ಮೊಬ್ಬರ ರೋಗವಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ 2013ರಲ್ಲಿ ಇದ್ದ ಪುಟಗಳಲ್ಲಿ ನೂರಕ್ಕೆ 38 ಹತ್ತು ವರ್ಷದೊಳಗೆ ಸಿಗದಾಗಿದ್ದವು.

ನನ್ನನ್ನು ಎಲ್ಲಕ್ಕಿಂತ ನೋಯಿಸುವುದು ಬೇರೊಂದು. ಪೂರ್ವಕವಿಯನ್ನು ನೆನೆಯದೆ ಕಾವ್ಯ ಶುರುಮಾಡದ ಭಾಷೆಯಲ್ಲಿ ನಾವು ಇವತ್ತು ಜಾಲದಲ್ಲಿ ಬರೆಯುವಾಗ ಯಾರನ್ನೂ ನೆನೆಯುವುದಿಲ್ಲ. ಒಬ್ಬರು ಕಷ್ಟಪಟ್ಟು ಊರೂರು ತಿರುಗಿ ಬರೆದದ್ದನ್ನು ಇನ್ನೊಬ್ಬರು ಹಾಗೇ ಎತ್ತಿ, ಹೆಸರು ಉಜ್ಜಿ, ವಾಟ್ಸಾಪ್‌ಗೆ ಹಾಕುತ್ತಾರೆ. ಹೆಸರು ಹಾಕುವ ಸಜ್ಜನರೂ ಕೊಂಡಿ ಹಾಕುವುದಿಲ್ಲ. ಹಾಕಿದರೂ ಅದರ ಮೇಲಿನ ಮಾತು ‘ಇಲ್ಲಿ ಕ್ಲಿಕ್ ಮಾಡಿ’. ಇಲ್ಲಿ ಎಂದರೆ ಎಲ್ಲಿ? ಓದುವ ಯಂತ್ರಕ್ಕೂ ತಿಳಿಯುವುದಿಲ್ಲ, ಕಣ್ಣು ಕಾಣದೆ ಕಿವಿಯಲ್ಲಿ ಕೇಳುತ್ತ ಓದುವ ನಮ್ಮ ಬಂಧುಗಳಿಗೂ ತಿಳಿಯುವುದಿಲ್ಲ. ‘ಅಮಗಾಂವದ ಮಳೆಯ ಲೆಕ್ಕ’ ಎಂದು ಬರೆದು ಆ ಮಾತಿಗೇ ಕೊಂಡಿ ಕೊಟ್ಟರೆ ಕೆಲಸ ಮುಗಿಯಿತು. ಕನ್ನಡದ ಪುಟಗಳು ಹುಡುಕಾಟದಲ್ಲಿ ಕೆಳಗೆ ಬೀಳುತ್ತವೆ, ಇಂಗ್ಲಿಷ್ ಮೇಲೆ ಬರುತ್ತದೆ ಎಂದು ಗೂಗಲ್‌ನ ಮೇಲೆ ದೂರು ಹೇಳುವ ಗೆಳೆಯರಿಗೆ ನಾನು ಕೇಳುವ ಪ್ರಶ್ನೆ ಒಂದೇ: ಕಳೆದ ತಿಂಗಳು ನೀವು ಬರೆದದ್ದರಲ್ಲಿ ಎಷ್ಟು ಕನ್ನಡ ಪುಟಗಳ ಕಡೆ ಕೈ ತೋರಿಸಿದಿರಿ?

ಈ ಭಾಗದಲ್ಲಿ ಇನ್ನೂ ಒಂದು ಮಾತು ಸೇರುತ್ತದೆ. ಜಾಂಬೋಟಿಯ ಬಗ್ಗೆ ಕನ್ನಡದಲ್ಲಿ ಬರೆದವರಿದ್ದಾರೆ, ಮರಾಠಿಯಲ್ಲಿದ್ದಾರೆ, ಕೊಂಕಣಿಯಲ್ಲಿ, ಇಂಗ್ಲಿಷಿನಲ್ಲಿದ್ದಾರೆ. ಒಂದೇ ಊರು, ಒಂದೇ ಮಳೆ, ಆದರೆ ಆ ಪುಟಗಳು ಒಂದರ ಮುಖ ಒಂದು ನೋಡಿಲ್ಲ. ಸರ್ಕಲ್ಲಿನ ಚಹಾದಂಗಡಿಯಲ್ಲಿ ಒಂದೇ ಬೆಂಚಿನ ಮೇಲೆ ಮೂರು ಭಾಷೆ ಮಾತಾಡುವ ಜನ ನಾವು. ಜಾಲದಲ್ಲಿ ಏಕೆ ಬೇರೆ ಬೇರೆ ಕೋಣೆಯಲ್ಲಿ ಕೂತಿದ್ದೇವೆ? ಕನ್ನಡ ಪುಟವೊಂದು ಒಳ್ಳೆಯ ಮರಾಠಿ ಪುಟದ ಕಡೆ ಕೈ ತೋರಿಸಿದರೆ ಕನ್ನಡಕ್ಕೆ ಕೊರತೆಯಾಗುವುದಿಲ್ಲ. ಓದುಗನಿಗೆ ದಾರಿ ಸಿಗುತ್ತದೆ, ಆ ಕಡೆಯವರಿಗೆ ನಾವು ಇದ್ದೇವೆ ಎಂದು ತಿಳಿಯುತ್ತದೆ.

ಇದನ್ನು ಹೇಳಲು ನನಗೆ ಧೈರ್ಯ ಬಂದದ್ದು ಕಳೆದ ಮಳೆಗಾಲದಲ್ಲಿ. ಒಂದು ರಾತ್ರಿ ಹುಡುಗನ ಫೋನ್ ಬಂತು. “ಸರ, ಗೋವಾ ಕಡೆಯವ್ರು ಯಾರೋ ಮರಾಠಿಯೊಳಗ ಘಾಟಿ ದಾರಿ ಬಗ್ಗೆ ಬರದಾರ್ರೀ. ಅದರಾಗ ಲಿಂಕ್ ನಮ್ಮದ ಐತಿ. ನಾ ಅವ್ರಿಗೆ ಹೇಳಿಲ್ಲ, ಕೇಳಿಲ್ಲ, ಒಂದ್ ರೂಪಾಯಿ ಕೊಟ್ಟಿಲ್ರೀ” ಎಂದ. ದನಿ ನಡುಗುತ್ತಿತ್ತು. ಆ ಪುಟ ತೆಗೆದು ನೋಡಿದೆ. ಜಾಂಬೋಟಿ ದಾಟಿದ ಮೇಲೆ ಫೋನ್ ಸಿಗ್ನಲ್ ಇಲ್ಲ, ಹೊರಡುವ ಮುಂಚೆ ಇದನ್ನು ಓದಿಕೊಳ್ಳಿ ಎಂದು ಅವರು ಮರಾಠಿಯಲ್ಲಿ ಬರೆದಿದ್ದರು. ಕೊಂಡಿ ಇದ್ದದ್ದು ‘ಜಾಂಬೋಟೀಚ್ಯಾ ಪುಢೇ’ ಎಂಬ ಎರಡು ಪದಗಳ ಮೇಲೆ. ಊರಿನ ಹೆಸರಿಗೆ ‘ಚ್ಯಾ’ ಹತ್ತಿತ್ತು. ಹುಡುಗನಿಗೆ ಅದನ್ನೇ ಮೊದಲು ತೋರಿಸಿದೆ.